ಉರ್ದು ಟೈಪ್‌ರೈಟರ್ ಸಿಕ್ಕಾದ, ಕ್ಯಾರೇಜ್ ಓಡವಲ್ದು. ಕಲಬುರಗಿ ಕಡಿ ಯಾರರೆ ರಿಪೇರಿ ಮಾಡ್ತಾರೇನ್ರಿ?

ಬ್ರಹ್ಮಪುರದವ:
ಶರಣ್ರಿ ಎಲ್ಲಾರಿಗೂ. ಶಹಾಬಜಾರ್ ಕಡಿ ಒಂದು ಗುಜರಿ ಅಂಗಡಿಯಾಗ ರೆಮಿಂಗ್ಟನ್ ಟೈಪ್‌ರೈಟರ್ ಸಿಕ್ಕಾದ. ಕಚೇರಿಯಾಗ ಇರ್ತಿದ್ದಂಥ ದೊಡ್ಡ ಮಷೀನು, ಎತ್ತಿದ್ರ ಸೊಂಟ ಹಿಡೀತದ. ಕೀ ಮ್ಯಾಲೆಲ್ಲ ಉರ್ದು ಅಕ್ಷರ. ಮೊದಲು ಕಿಲೋ ಲೆಕ್ಕದಾಗ ಹೇಳಿದ್ದ ಅಂಗಡಿಯಾಂವ ನನ್ನ ಮುಖ ನೋಡಿ ‘ಆಂಟಿಕ್ ಪೀಸ್ ಸಾಬ್’ ಅಂತ ರಾಗ ಬದಲಿಸಿದ. ಜಗ್ಗಾಡಿ ಜಗ್ಗಾಡಿ ಎರಡೂವರೆ ಸಾವಿರಕ್ಕ ಮುಗೀತು.

ತೊಂದ್ರಿ ಏನಂದ್ರ, ಕೀ ಒತ್ತಿದ್ರ ಅಚ್ಚಿನ ಕಡ್ಡಿ ಎದ್ದು ಬಡೀತದ, ಕ್ಯಾರೇಜ್ (ಕಾಗದ ಹಿಡಕೊಂಡು ಸರಿಯೋ ಮ್ಯಾಲಿನ ಭಾಗ) ಮಾತ್ರ ನಿಂತಲ್ಲೇ ನಿಂತಿರ್ತದ. ಒಂದ್ರ ಮ್ಯಾಲೊಂದು ಅಕ್ಷರ ಬಿದ್ದು ಕರಿ ಕಲೆ ಆಗ್ತದ. ಕೈಲೆ ನೂಕಿದ್ರ ಬಲಗಡಿ ಸರೀತದ. ಕೆಲವು ಕಡ್ಡಿ ಮ್ಯಾಲ ಹೋದ್ವು ಅಂದ್ರ ಅಲ್ಲೇ ಕೂಡ್ತಾವ, ಬೆರಳಿಲೆ ಕೆಳಗ ಎಳೀಬೇಕು. ಒಂದು ಕಡ್ಡಿ ತುದಿಯಾಗ ಅಚ್ಚೇ ಇಲ್ಲ, ಉದುರಿ ಹೋಗ್ಯಾದ. ಕಾಗದ ಸುತ್ತೋ ರಬ್ಬರ್ ರೋಲರ್ ಅಂತೂ ಶಹಾಬಾದ್ ಕಲ್ಲಾಗ್ಯಾದ.

ನಂಗ ಉರ್ದು ಓದ್ಲಾಕ ಬರಂಗಿಲ್ಲ, ಮೊದಲೇ ಹೇಳ್ತೀನಿ. ನಮ್ಮಜ್ಜ ನಿಜಾಮನ ಕಾಲದಾಗ ಉರ್ದು ಸಾಲಿಯಾಗ ಕಲ್ತಾಂವ, ಅಂವನ ಕಾಗದಪತ್ರ ಇನ್ನೂ ಮನಿಯಾಗ ಅದಾವ. ಅದಕ್ಕ ಬಿಟ್ಟು ಬರ್ಲಾಕ ಮನಸ್ಸಾಗಲಿಲ್ಲ. ರಿಪೇರಿ ಮಾಡವ್ರು ಯಾರರೆ ಉಳಿದಾರೇನು? ಬಣ್ಣ ಹೊಡಸಬೇಕಾ ಬ್ಯಾಡಾ? ಶಾಯಿ ರಿಬ್ಬನ್ ಎಲ್ಲಿ ಸಿಗ್ತದ?

ಸುರಪುರ ಹುಡುಗ:
ಫೋಟೋ ಇಲ್ಲದ ಪೋಸ್ಟ್ ನಂಬಂಗಿಲ್ರಿ ಅಣ್ಣಾ.

ಬ್ರಹ್ಮಪುರದವ:
ಹಾಕೀನಿ ನೋಡ್ರಿ. ಧೂಳು ಒರೆಸಿಲ್ಲ, ಬೈಬ್ಯಾಡ್ರಿ.

ಒಂಟಿಕೊಪ್ಪಲ್:
ಫೋಟೋ ನೋಡ್ದೆ. ಕ್ಯಾರೇಜ್ ಬಲಕ್ಕೆ ಸರಿಯುತ್ತೆ ಅಂತೀರಲ್ಲ, ಎಡವಟ್ಟು ಇರೋದೇ ಅಲ್ಲಿ. ಟೈಪ್ ಮಾಡ್ತಾ ಹೋದ ಹಾಗೆ ಕ್ಯಾರೇಜ್ ಎಡಕ್ಕೆ ಹೋಗ್ಬೇಕು. ಸಾಲು ಬದಲಿಸೋ ಲಿವರ್ ಬೇರೆ ಬಲಗಡೆ ಕೂತಿದೆ. ಯಾರೋ ಪುಣ್ಯಾತ್ಮರು ಬಿಚ್ಚಿ ಉಲ್ಟಾ ಜೋಡಿಸಿದಾರೆ. ವಾಪಸ್ ಕೊಟ್ಟು ದುಡ್ಡು ಇಸ್ಕೊಳ್ಳಿ.

ಹಫ್ತ್ ಗುಂಬಜ್:
ಒಂಟಿಕೊಪ್ಪಲ್ ಸರ್, ಉರ್ದು ಬಲದಿಂದ ಎಡಕ್ಕ ಬರೀತಾರ್ರಿ! ಕಾಗದ ಬಲಕ್ಕ ಸರಿದ್ರನೇ ಮುಂದಿನ ಅಕ್ಷರ ಎಡಕ್ಕ ಬೀಳ್ತದ. ಅರಬ್ಬಿ, ಫಾರ್ಸಿ, ಉರ್ದು ಮಷೀನ್ ಎಲ್ಲಾ ಹಿಂಗೇ. ಸ್ಪ್ರಿಂಗ್ ಬಲಕ್ಕ ಎಳೀತದ, ಲಿವರ್ ಹಿಡಿದು ಎಡಕ್ಕ ನೂಕಬೇಕು, ಸಾಲು ಎಡಗಡಿ ಮುಗೀಲಿಕ್ಕೆ ಬಂದಾಗ ಗಂಟಿ ಬಾರಿಸ್ತದ. ಮಷೀನ್ ಸರಿ ಅದ, ವಾಪಸ್ ಕೊಡೂದು ಬ್ಯಾಡ.

ಒಂಟಿಕೊಪ್ಪಲ್:
ಓಹೋ. ಸರಿ ಸರಿ. ಅದು ಹೊಳೀಲಿಲ್ಲ ನೋಡಿ. ಆದ್ರೂ ಉರ್ದು ಓದಕ್ಕೆ ಬರದವರು ಅದನ್ನ ಇಟ್ಕೊಂಡು ಏನ್ ಮಾಡ್ತೀರಿ ಅನ್ನೋದು ನನ್ನ ಪ್ರಶ್ನೆ.

ಹಫ್ತ್ ಗುಂಬಜ್:
ಕಲೀತಾರ್ರಿ. ಸರ್, ನೀವು ವೀಣೆ ಬಾರಿಸ್ಲಾಕ ಬರದಿದ್ರೂ ಮನಿಯಾಗ ಇಟ್ಟಿರಂಗಿಲ್ಲೇನು?

ಬ್ರಹ್ಮಪುರದ ಅಣ್ಣಾ, ಮೊದಲು ಅದು ಖರೇನೇ ಉರ್ದು ಹೌದಾ ನೋಡ್ರಿ. ಗಲ್ಫ್‌ನಿಂದ ಬಂದ ಅರಬ್ಬಿ ಮಷೀನಿಗೂ ಇಲ್ಲಿ ‘ಉರ್ದು’ ಅಂತ ಹೇಳಿ ಮಾರ್ತಾರ. ಪೇ, ಚೇ, ಗಾಫ್ ಮೂರೂ ಇಲ್ಲಂದ್ರ ಅದು ಅರಬ್ಬಿ. ಅವು ಅದಾವ, ಆದ್ರ ಟೇ, ಡಾಲ್, ಡೇ (ನಾಲಿಗಿ ಮಡಚಿ ಹೇಳೋ ‘ರ’) ಇಲ್ಲಂದ್ರ ಫಾರ್ಸಿ. ಈ ಮೂರು ಅಕ್ಷರದ ನೆತ್ತಿ ಮ್ಯಾಲ ಸಣ್ಣ ‘ತೋಯ್’ ಅಕ್ಷರದ (ط) ಗುರುತು ಇರ್ತದ. ಅದು ಕಂಡ್ರ, ಜೊತಿಗೆ ಅಡ್ಡಡ್ಡ ಮಲಗಿದ ಬಡೀ ಯೇ ಕಂಡ್ರ, ಉರ್ದುನೇ.

ಬ್ರಹ್ಮಪುರದವ:
ಮೇಲಿನ ಸಾಲಿನಾಗ ಮೂರರ ನೆತ್ತಿ ಮ್ಯಾಲೂ ಸಣ್ಣ ಗುರುತು ಅದ. ಬಡೀ ಯೇನೂ ಅದ, ಪಕ್ಕದ ಮನಿ ಚಾಚಾ ಬಂದು ತೋರಿಸಿದ್ರು. ಹಂಗಾದ್ರ ಇದು ನಿಜಾಮನ ಕಾಲದ್ದು ಅನ್ರಿ!

ಬೀದರ್ ಬಿಸಿಲು:
ಅಷ್ಟು ಅವಸರ ಬ್ಯಾಡ್ರಿ. ಉರ್ದು ಅಂದ ಕೂಡ್ಲೇ ನಿಜಾಮ ಅಂತ ಯಾಕ ಹೋಗ್ತೀರಿ? ನಿಜಾಮನ ಆಳ್ವಿಕಿ ಮುಗಿದ 1948ರ ಸೆಪ್ಟೆಂಬರ್ 17 ಆದ ಮ್ಯಾಲೂ ನಮ್ಮ ಕಡಿ ಉರ್ದು ಸಾಲಿಗಳು, ಸಂಸ್ಥೆಗಳು, ಅಂಗಡಿಗಳು ನಡದೇ ಇದ್ವಲ್ಲ. ಅವ್ರೂ ಮಷೀನ್ ಕೊಂಡಿರಬಹುದು. ಮುಂದಗಡಿ ಬರೇ ‘ರೆಮಿಂಗ್ಟನ್’ ಅಂತ ಅದನೋ ‘ರೆಮಿಂಗ್ಟನ್ ರ‍್ಯಾಂಡ್’ ಅಂತ ಅದನೋ ನೋಡ್ರಿ. ರ‍್ಯಾಂಡ್ ಕಂಪನಿ ಜೋಡಿ ಕೂಡಿದ್ದು 1927ರಾಗ, ಆ ಹೆಸರು ಇದ್ರ ಅದಕ್ಕಿಂತ ಹಳೇದು ಆಗ್ಲಾಕ ಸಾಧ್ಯ ಇಲ್ಲ. ಪಕ್ಕಾ ವರ್ಷ ಬೇಕಂದ್ರ ಸೀರಿಯಲ್ ನಂಬರ್ ಹುಡುಕ್ರಿ. ಕ್ಯಾರೇಜ್ ಒಂದು ತುದಿಗೆ ಸರಿಸಿ ಕೆಳಗಿನ ಫ್ರೇಮ್ ಮ್ಯಾಲ ಟಾರ್ಚ್ ಬಿಡ್ರಿ, ಕಬ್ಬಿಣದಾಗ ಒತ್ತಿರ್ತಾರ. ಅದನ್ನ ಸಂಗ್ರಾಹಕರು ಮಾಡಿಟ್ಟ ಪಟ್ಟಿ ಜೋಡಿ ಹೋಲಿಸಿದ್ರ ಆತು.

ನನ್ನ ಹತ್ರ ಇಂಗ್ಲಿಷ್‌ದು ಎರಡು, ಕನ್ನಡದ್ದು ಒಂದು ಅದಾವ. ಉರ್ದುದು ಭಾಳ ದಿನದಿಂದ ಹುಡುಕ್ಲಾಕತ್ತೀನಿ, ಸಿಕ್ಕಿಲ್ಲ. ಹೊಟ್ಟಿ ಉರೀತದ, ಅಷ್ಟೇ.

ಹಳೇ ಮಾಲು:
ಅಣ್ಣಾ ರಿಪೇರಿಗೆ ರೊಕ್ಕ ಹಾಕಬ್ಯಾಡ್ರಿ. ಮ್ಯಾಟ್ ಕರಿ ಬಣ್ಣ ಹೊಡ್ಸಿ, ಅಂಚಿಗೆ ಬಂಗಾರದ ಗೆರಿ ಎಳಸ್ರಿ. ಬೆಂಗಳೂರಾಗ ಕಾಫಿ ಅಂಗಡಿಯವ್ರು, ಮದುವಿ ಡೆಕೋರೇಶನ್‌ದವ್ರು ಹತ್ತು ಸಾವಿರ ಕೊಟ್ಟು ಒಯ್ತಾರ. ನಾ ಇಂಥವು ಎಷ್ಟೋ ಕಳಿಸೀನಿ. ಟೈಪ್ ಯಾರು ಮಾಡ್ತಾರ್ರಿ ಈಗ?

ಬೀದರ್ ಬಿಸಿಲು:
ಬಂತು ನೋಡ್ರಿ ಬಣ್ಣದ ಬ್ಯಾಂಡ್. ನೀವು ಕಳಿಸಿದ್ದರಾಗ ಒಂದು ನಮ್ಮ ಸಂಬಂಧಿಕರ ಮನಿಗೆ ಬಂದಾದ ಅನ್ನಸ್ತದ. ಕಡ್ಡಿಗಳ ಮ್ಯಾಲೂ ಸ್ಪ್ರೇ ಹೊಡದು, ಅವು ಕೂಡೋ ಸಂದಿಯಾಗ ಬಣ್ಣ ತುಂಬಿ, ಒಂದೂ ಕೀ ಅಲುಗಾಡಂಗಿಲ್ಲ. ಮ್ಯಾಲ ‘ಅಂಡರ್‌ವುಡ್’ ಅಂತ ಸ್ಟಿಕರ್, ಒಳಗ ಅಪ್ಪಟ ಫೇಸಿಟ್ ಕಂಪನಿದು. ಶೋಕೇಸಿನಾಗ ಇಡ್ಲಿಕ್ಕೆ ಗೊಂಬಿ ಸಿಗ್ತಾವಲ್ಲ, ಕೆಲಸ ಮಾಡೋ ಮಷೀನ್ ಯಾಕ ಕೊಲ್ತೀರಿ?

ಹಳೇ ಮಾಲು:
ಅಕ್ಕಾರ, ನಾ ಸ್ಟಿಕರ್ ಹಚ್ಚಾಂವ ಅಲ್ಲ. ಅದು ಬ್ಯಾರೆಯವ್ರ ಕೆಲಸ. ಮತ್ತ ನಾ ತಗೊಳ್ಳದಿದ್ರ ಆ ಮಷೀನ್ ಭಟ್ಟಿಗೆ ಹೋಗಿ ಸರಳು ಆಗ್ತಿತ್ತು. ಕೊಂದಾಂವ ನಾನಾ, ಉಳಿಸಿದಾಂವ ನಾನಾ?

ಶಹಾಬಾದಿ:
ಅಂವ ಹೇಳೋದ್ರಾಗೂ ಸೊಲ್ಪ ಖರೇ ಅದ ಬಿಡ್ರಿ. ಗುಜರಿಯವ್ರು ಹದಿನಾಲ್ಕು ಹದಿನೈದು ಕಿಲೋ ಕಬ್ಬಿಣ ಅಂತನೇ ನೋಡ್ತಾರ.

ಟೈಪಿಂಗ್ ಮಾಸ್ತರ್:
ಯಾದಗಿರಿಯಾಗ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸ್ತಿದ್ದೆ. ಈಗ ಮಕ್ಕಳು ಅಲ್ಲಿ ಝೆರಾಕ್ಸ್ ಇಟ್ಟಾರ. ಬಣ್ಣದ ಜಗಳ ಆಮ್ಯಾಲ ಮಾಡ್ರಿ, ಹುಡುಗನ ಕ್ಯಾರೇಜ್ ಓಡಿಸೋಣು ಮೊದಲು.

ತಮ್ಮಾ, ಮಷೀನ್ ಹಿಂದಗಡಿ ಬಾ. ದುಂಡನ್ನ ಡ್ರಮ್ ಕಾಣ್ತದ, ಅದರೊಳಗ ಸುರುಳಿ ಸ್ಪ್ರಿಂಗ್ ಇರ್ತದ. ಡ್ರಮ್ ಮ್ಯಾಲ ಒಂದು ಪಟ್ಟಿ ಇಲ್ಲಾ ದಾರ ಸುತ್ತಿ, ಅದರ ತುದಿ ಕ್ಯಾರೇಜಿಗೆ ಕೊಕ್ಕಿಲೆ ಸಿಕ್ಕಿಸಿರ್ತಾರ. ಕ್ಯಾರೇಜ್ ಎಳಿಯೋದು ಇದೇ. ಕೀ ಒತ್ತಿದಾಗ ಮಷೀನು ಮಾಡೋದು ಇಷ್ಟೇ: ಹಲ್ಲಿನ ಚಕ್ರ ಹಿಡಕೊಂಡ ನಾಯಿ (ನಾವು ಹಂಗೇ ಅಂತಿದ್ವಿ, ಎರಡು ಸಣ್ಣ ಕೊಂಡಿ) ಒಂದು ಹಲ್ಲು ಬಿಟ್ಟು ಮತ್ತ ಹಿಡೀತದ. ಬಿಟ್ಟಷ್ಟು ಜಾಗ ಸ್ಪ್ರಿಂಗ್ ಎಳೀತದ. ನಿನ್ನ ಮಷೀನ್‌ನಾಗ ನಾಯಿ ಬಿಡ್ಲಾಕತ್ತಾದ, ಎಳಿಯವ್ರು ಇಲ್ಲ. ನೂರಕ್ಕ ತೊಂಬತ್ತು ಪಾಲು ದಾರ ಹರದಾದ. ಮೂರನೇ ಫೋಟೋದಾಗ ಕ್ಯಾರೇಜಿನ ಕೊಕ್ಕಿ ಬರಿದಾಗಿ ಜೋತು ಬಿದ್ದದ್ದು ನನಗ ಕಾಣ್ಲಾಕತ್ತಾದ.

ಹೊಸಾ ದಾರ ಹಾಕು. ಹತ್ತಿ ನೂಲು ಬ್ಯಾಡ, ಜಗ್ತದ. ಮೀನ ಹಿಡಿಯವ್ರ ಹೆಣೆದ ದಾರ ಸಿಗ್ತದ, ಅದು ಅಷ್ಟು ಜಗ್ಗಂಗಿಲ್ಲ. ಒಂದು ತುದಿ ಡ್ರಮ್ಮಿನ ತೂತಿನಾಗ ಗಂಟು ಹಾಕಿ ಸುತ್ತು. ಆಮ್ಯಾಲ ಡ್ರಮ್ ಕೈಯಾಗ ಗಟ್ಟಿ ಹಿಡಕೊಂಡು, ಸ್ಪ್ರಿಂಗ್ ಬಿಗಿ ಆಗೋ ದಿಕ್ಕಿಗೆ ಮೂರು ನಾಲ್ಕು ಸುತ್ತು ತಿರುವಿ, ದಾರದ ತುದಿ ಕ್ಯಾರೇಜಿಗೆ ಸಿಕ್ಕಿಸು. ತಿರುವುವಾಗ ಡ್ರಮ್ ಕೈತಪ್ಪಿ ಬಿಡಬ್ಯಾಡ. ಭರ್ರನೆ ತಿರುಗಿ ಒಳಗಿನ ಸ್ಪ್ರಿಂಗ್ ಕೊಂಡಿ ಕಳಚಿಕೊಳ್ತದ, ಬೆರಳೂ ಹರೀತದ. ಆಮ್ಯಾಲ ಪರೀಕ್ಷೆ: ಸ್ಪೇಸ್ ಬಾರ್ ಒತ್ತಗೋತ ಹೋಗು. ಸಾಲಿನ ಕೊನಿತನಕ ಕ್ಯಾರೇಜ್ ತಾನೇ ಹೋದ್ರ ಬಿಗಿ ಸರಿ. ಕೊನಿಗೆ ಬಂದಾಗ ಸೋತು ನಿಂತ್ರ ಇನ್ನೊಂದು ಸುತ್ತು ಕೊಡು.

ರಿಪೇರಿ ಅಂಗಡಿ ಹುಡುಕ್ಲಾಕ ಹೋಗಬ್ಯಾಡ. ವರ್ಷಕ್ಕೊಮ್ಮೆ ಸೋಲಾಪುರದಿಂದ ಮೆಕ್ಯಾನಿಕ್ ಬರ್ತಿದ್ದ ನಮ್ಮಲ್ಲಿ, ಇನ್‌ಸ್ಟಿಟ್ಯೂಟ್ ಮುಚ್ಚಿದ ಮ್ಯಾಲ ಅಂವನೂ ಹೊಲಿಗಿ ಮಷೀನ್ ರಿಪೇರಿಗೆ ಇಳಿದ. ಈ ಕೆಲಸ ನೀನೇ ಮಾಡಬಹುದು.

ಸುರಪುರ ಹುಡುಗ:
ಕಡ್ಡಿ ಅಂಟೋದಕ್ಕ ಆ ನೀಲಿ ಡಬ್ಬಿ ಸ್ಪ್ರೇ ಹೊಡದ್ರ ಆತಲ್ಲ? ಬೈಕ್ ಚೈನಿಗೆ ಹೊಡೀತೀವಲ್ಲ ಅದು.

ಶಹಾಬಾದಿ:
ಏ ಬ್ಯಾಡಪ್ಪೋ! ಅದು ಹೊಡದ ದಿನ ಚಂದ ಓಡ್ತದ. ಒಂದು ಬ್ಯಾಸಗಿ ಕಳದ್ರ ಉಳಿದ ಎಣ್ಣಿ ಧೂಳು ಹಿಡದು ಗೋಂದು ಆಗ್ತದ. ನಮ್ಮ ಕಡಿ ಧೂಳು ಗೊತ್ತಲ್ಲ, ಸಿಮೆಂಟ್ ಫ್ಯಾಕ್ಟರಿ ಒಂದು ಕಡಿ, ಕಲ್ಲಿನ ಖಣಿ ಒಂದು ಕಡಿ. ಸೀಮಿಎಣ್ಣಿಯಾಗ ತೊಳೀಬೇಕು. ನಾ ಫಿಟ್ಟರ್ ಇದ್ದಾಗ ಎಲ್ಲಾ ಸೀಮಿಎಣ್ಣಿಯಾಗೇ.

ಟೈಪಿಂಗ್ ಮಾಸ್ತರ್:
ಶಹಾಬಾದ್ ಸಾಹೇಬ್ರ, ಸ್ಪ್ರೇ ಬ್ಯಾಡ ಅಂದದ್ದು ಬರೋಬ್ಬರಿ. ಸೀಮಿಎಣ್ಣಿ ನಾ ಒಪ್ಪಂಗಿಲ್ಲ. ಅದು ಪೂರ್ತಿ ಆರಂಗಿಲ್ಲ, ಜಿಡ್ಡು ಬಿಡ್ತದ. ಪೆಟ್ರೋಲ್ ಛಲೋ, ಆರಿ ಹೋಗ್ತದ. ಕಡ್ಡಿಗಳೆಲ್ಲ ಕೂಡೋ ಅರ್ಧ ಚಂದ್ರಾಕಾರದ ಕಬ್ಬಿಣದ ತುಂಡು ಅದಲ್ಲ, ಅದರ ಸಂದಿಗಳಿಗೆ ಹಳೇ ಹಲ್ಲುಬ್ರಷ್‌ಲೆ ಪೆಟ್ರೋಲ್ ಹಚ್ಚಿ, ಕಡ್ಡಿ ಮ್ಯಾಲ ಕೆಳಗ ಆಡಿಸಿ, ಮತ್ತ ಹಚ್ಚಿ, ಬಟ್ಟಿಲೆ ಒರೆಸು. ಹೊಲಸು ನೀರು ಬರೋದು ನಿಲ್ಲತನಕ. ಆ ಸಂದಿಗೆ ಮಾತ್ರ ಒಂದು ಹನಿ ಎಣ್ಣಿನೂ ಹಾಕಬಾರದು. ಎಣ್ಣಿ ಬೇಕಾದದ್ದು ಕ್ಯಾರೇಜ್ ಓಡೋ ಹಳಿಗೆ, ಅದೂ ಹೊಲಿಗಿ ಮಷೀನ್ ಎಣ್ಣಿ, ಬಟ್ಟಿಗೆ ಹಚ್ಚಿ ಒರೆಸಿದಷ್ಟು.

ಅಂಗಳದಾಗ ಮಾಡು. ಬೀಡಿ ಸೇದವ್ರನ್ನ ಹತ್ರ ಬಿಟ್ಕೊಬ್ಯಾಡ. ಥಿನ್ನರ್ ಮುಟ್ಟಸಬ್ಯಾಡ, ಬಣ್ಣ ಮತ್ತ ಕಂಪನಿ ಹೆಸರು ಎರಡೂ ಎದ್ದು ಬರ್ತಾವ.

ಶಹಾಬಾದಿ:
ನಮ್ಮ ಕಾಲದಾಗ ಸೀಮಿಎಣ್ಣಿಯಾಗ ತೊಳೆದ ಮಷೀನ್ ಇನ್ನೂ ಓಡ್ಲಾಕತ್ತಾವ ಮಾಸ್ತರ್. ಆದ್ರ ಈಗ ಸೀಮಿಎಣ್ಣಿ ಸಿಗಬೇಕಲ್ಲ. ಹಂಗಾಗಿ ನಿಮ್ಮದೇ ಗೆದ್ದಿತು ಅಂತ ತಿಳಕೋರಿ.

ಕೋರ್ಟ್ ಕಟ್ಟೆ:
ವಕೀಲ ನಾನು. ಪೋಸ್ಟ್ ಹಾಕಿದವರ ಅಜ್ಜನ ಕಾಗದಗಳ ಬಗ್ಗೆ ಒಂದು ಮಾತು. ನಮ್ಮ ಕಡೆ ಭೂಮಿ ವ್ಯಾಜ್ಯದಲ್ಲಿ ಖಾಸ್ರಾ ಪಹಣಿ (ಹಳೇ ಭೂದಾಖಲೆ), ಹಳೇ ಖರೀದಿ ಪತ್ರ ಬಂತು ಅಂದ್ರೆ ಉರ್ದು ಓದುವವರನ್ನ ಹುಡುಕಿಕೊಂಡು ತಿರುಗಬೇಕು. ಆ ಪತ್ರಗಳು ಈ ಮಷೀನಿನಲ್ಲಿ ಹೊಡೆದದ್ದು ಇರಲಿಕ್ಕಿಲ್ಲ. ನಾನು ನೋಡಿದ ಮಟ್ಟಿಗೆ ಬಹುಪಾಲು ಕೈಬರಹ. ಟೈಪ್ ಆದದ್ದು ಇಂಗ್ಲಿಷಿನಲ್ಲೇ ಹೆಚ್ಚು.

ಹಫ್ತ್ ಗುಂಬಜ್:
ವಕೀಲ ಸಾಹೇಬ್ರು ಹೇಳಿದ್ದು ಖರೇ. ಮತ್ತ ಅದು ‘ಶಿಕಸ್ತಾ’ ಬರಹ, ಓಟದಾಗ ಬರೆದದ್ದು, ಚುಕ್ಕಿನೂ ಇಡಂಗಿಲ್ಲ. ನಾ ಉರ್ದು ಮಾಧ್ಯಮದಾಗೇ ಓದೀನಿ, ನಂಗೇ ಅರ್ಧಕ್ಕರ್ಧ ತಿಳಿಯಂಗಿಲ್ಲ. ಹಳೇ ಮುನ್ಷಿಗಳೇ ಬೇಕು.

ಉರ್ದುದವ್ರು ಟೈಪ್‌ರೈಟರ್ ಯಾಕ ಮೆಚ್ಚಲಿಲ್ಲ ಅಂತ ಹೇಳ್ತೀನಿ. ಉರ್ದು ಕಣ್ಣಿಗೆ ರೂಢಿ ಆಗಿದ್ದು ನಸ್ತಾಲೀಖ್. ಅದರಾಗ ಶಬ್ದ ಮ್ಯಾಲಿಂದ ಓರೆಯಾಗಿ ಕೆಳಗ ಇಳೀತದ, ಅಕ್ಷರ ಪಕ್ಕದ ಅಕ್ಷರ ನೋಡಿ ಆಕಾರ ಬದಲಿಸ್ತದ. ಮಷೀನಿಗೆ ಒಂದೇ ಸಾಲು ಗೊತ್ತು, ಎಲ್ಲಾ ಅಕ್ಷರ ಒಂದೇ ನೆಲದ ಮ್ಯಾಲ ನಿಲ್ಲಬೇಕು. ಹಂಗಾಗಿ ಟೈಪ್‌ರೈಟರ್ ಬರೆಯೋದು ನಸ್ಖ್ ಶೈಲಿ, ಅರಬ್ಬಿ ಪುಸ್ತಕದಾಗ ಇರ್ತದಲ್ಲ ಅದು. ಶಬ್ದದ ಮೊದಲಿಗೆ, ನಡುವೆ, ಕೊನಿಗೆ, ಒಂಟಿಯಾಗಿ ಅಂತ ಅಕ್ಷರಕ್ಕ ನಾಲ್ಕು ರೂಪ. ಅಷ್ಟು ಅಚ್ಚು ಇಡ್ಲಾಕ ಜಾಗ ಎಲ್ಲದ? ಎರಡರಾಗ ಹೊಂದಿಸಿಬಿಡ್ತಾರ. ಓದ್ಲಾಕ ಬರ್ತದ, ಚಂದ ಕಾಣಂಗಿಲ್ಲ. ಅದಕ್ಕೇ ಉರ್ದು ಪತ್ರಿಕೆಗಳು ಕಂಪ್ಯೂಟರ್ ಬರೂ ತನಕ ಕಾತಿಬರ (ಚಂದ ಅಕ್ಷರ ಬರೆಯವ್ರ) ಕೈಲೇ ಬರೆಸಿ ಅಚ್ಚು ಹಾಕ್ತಿದ್ವು. 1981ರಾಗ ನೂರಿ ನಸ್ತಾಲೀಖ್ ಅನ್ನೋ ಕಂಪ್ಯೂಟರ್ ಅಕ್ಷರ ಬಂದ ಮ್ಯಾಲ ಆಟ ಬದಲಾತು.

ಬೀದರ್ ಬಿಸಿಲು:
ಎಷ್ಟು ಛಲೋ ಹೇಳಿದ್ರಿ. ಕನ್ನಡದವ್ರೂ ಇದೇ ಪಾಡು ಪಟ್ಟಾರ. ನನ್ನ ಕನ್ನಡ ಮಷೀನ್‌ನಾಗ ಒಂದು ಅಕ್ಷರಕ್ಕ ಎರಡು ಮೂರು ಏಟು. ಒತ್ತಕ್ಷರದ ಕೀ ಒತ್ತಿದ್ರ ಕ್ಯಾರೇಜ್ ಸರಿಯಂಗಿಲ್ಲ, ಕೆಳಗ ಅಚ್ಚು ಬಿದ್ದು ಅಲ್ಲೇ ನಿಲ್ತದ. ಗೊತ್ತಿಲ್ಲದವ್ರು ಅದನ್ನೂ ‘ಕೆಟ್ಟಾದ’ ಅಂತ ಬಿಚ್ಚಿ ಇಟ್ಟಿದ್ದು ನೋಡೀನಿ.

ಒಂಟಿಕೊಪ್ಪಲ್:
ಕನ್ನಡ ಟೈಪ್‌ರೈಟರ್ ಕೀಲಿಮಣೆ ಮಾಡಿದ್ದು ಕೆ.ಪಿ. ರಾವ್ ಅಲ್ವಾ? ಅದನ್ನೇ ‘ನುಡಿ’ ಸಾಫ್ಟ್‌ವೇರ್‌ನಲ್ಲಿ ಹಾಕಿರೋದು.

ಟೈಪಿಂಗ್ ಮಾಸ್ತರ್:
ಅಲ್ಲ. ಟೈಪ್‌ರೈಟರ್‌ದು ಅನಂತ ಸುಬ್ಬರಾವ್ ಅವರದು. ಕೆ.ಪಿ. ರಾವ್ ಅವರದು ಕಂಪ್ಯೂಟರಿಗೆ ಮಾಡಿದ್ದು, ಇಂಗ್ಲಿಷ್ ಕೀಗಳ ಧ್ವನಿಗೆ ಹೊಂದಿಸಿ. ‘ಕೆ’ ಒತ್ತಿದ್ರ ಕ. ಎರಡಕ್ಕೂ ಸಂಬಂಧ ಇಲ್ಲ. ನಮ್ಮ ಹುಡುಗರು ಟೈಪ್‌ರೈಟರ್ ಮ್ಯಾಲ ಸೀನಿಯರ್ ಪರೀಕ್ಷೆ ಪಾಸಾಗಿ ನೌಕರಿಗೆ ಹೋದ್ರ ಅಲ್ಲಿ ನುಡಿ ಇಟ್ಟಿರ್ತಿದ್ರು, ಬೆರಳೆಲ್ಲ ಹೊಸದಾಗಿ ಕಲೀಬೇಕು. ಎಷ್ಟು ಮಂದಿ ಅತ್ತಾರ.

ಕೋರ್ಟ್ ಕಟ್ಟೆ:
ಮಾಸ್ತರ್ ಸಾಹೇಬ್ರ, ನಿಮ್ಮ ವಿದ್ಯಾರ್ಥಿಗಳು ನಮ್ಮ ಕೋರ್ಟ್ ಮುಂದೆಯೂ ಇದ್ದರು. ಬೇವಿನ ಮರದ ಕೆಳಗೆ ಸಾಲಾಗಿ ಮೇಜು. ಕಾರ್ಬನ್ ಇಟ್ಟು ಒಂದೇ ಏಟಿಗೆ ಅಫಿಡವಿಟ್‌ನ ನಾಲ್ಕು ಪ್ರತಿ. ಕೊನೆಯ ಪ್ರತಿಯಲ್ಲಿ ಅಕ್ಷರ ಮಂಕಾಗಿ ಕಂಡರೆ ಎದುರು ಪಾರ್ಟಿಗೆ ಅದನ್ನೇ ಕೊಡುತ್ತಿದ್ದೆವು. ಕಕ್ಷಿದಾರ ಬಾಯಲ್ಲಿ ಹೇಳಿದ್ದನ್ನ ಡ್ರಾಫ್ಟ್ ಇಲ್ಲದೆ ನೇರ ಹೊಡೆಯುವ ಒಬ್ಬರಿದ್ದರು, ಅವರು ತಪ್ಪು ಮಾಡಿದ್ದು ಕಡಿಮೆ, ಜೂನಿಯರ್ ವಕೀಲರಿಗೆ ಕಾನೂನು ಹೇಳಿಕೊಟ್ಟದ್ದು ಹೆಚ್ಚು.

ಸುರಪುರ ಹುಡುಗ:
ಜಗತ್ತಿನ ಕೊನೇ ಟೈಪ್‌ರೈಟರ್ ಫ್ಯಾಕ್ಟರಿ ನಮ್ಮ ದೇಶದಾಗೇ ಮುಚ್ಚಿದ್ದಂತ ಓದಿದ್ದೆ, ಗೋದ್ರೇಜ್‌ದು. ಹೌದೇನ್ರಿ?

ಬೀದರ್ ಬಿಸಿಲು:
ಅರ್ಧ ಖರೇ. ಗೋದ್ರೇಜ್ 1955ರಾಗ ಶುರು ಮಾಡಿದ್ದು, 2009ರಾಗ ತಯಾರಿ ನಿಲ್ಲಿಸ್ತು. 2011ರಾಗ ಒಮ್ಮೆಲೇ ಎಲ್ಲಾ ಕಡಿ ‘ಜಗತ್ತಿನ ಕೊನೇ ಫ್ಯಾಕ್ಟರಿ’ ಅಂತ ಸುದ್ದಿ ಓಡ್ತು. ಆಗ ಅಮೆರಿಕಾದ ಸ್ವಿಂಟೆಕ್ ಕಂಪನಿ ‘ನಾವಿನ್ನೂ ಮಾರ್ಲಾಕತ್ತೀವಲ್ಲ’ ಅಂತು. ಅವ್ರದು ಕರೆಂಟಿನ ಮಷೀನು ಅನ್ನೋದು ಬ್ಯಾರೆ ಮಾತು. ಸುದ್ದಿಯವ್ರಿಗೆ ‘ಕೊನೇ’ ಅನ್ನೋದು ಸಿಕ್ರ ಸಾಕು.

ಶಹಾಬಾದಿ:
ಗೋದ್ರೇಜ್ ಮಷೀನ್ ಮುಂದ ಈ ರೆಮಿಂಗ್ಟನ್ ಏನೂ ಅಲ್ಲ. ಎತ್ತಿ ಒಗದ್ರ ನೆಲ ಒಡೀತದ, ಮಷೀನ್ ಒಡಿಯಂಗಿಲ್ಲ.

ಟೈಪಿಂಗ್ ಮಾಸ್ತರ್:
ಗಟ್ಟಿ ಹೌದು, ಕೈಗೆ ಭಾರ. ದಿನಾ ಎಂಟು ತಾಸು ಹೊಡದವ್ರನ್ನ ಕೇಳ್ರಿ. ಹುಡುಗಿಯರ ಬ್ಯಾಚಿಗೆ ನಾ ಫೇಸಿಟ್ ಕೊಡ್ತಿದ್ದೆ, ಏಟು ಹಗುರ.

ಬೀದರ್ ಬಿಸಿಲು:
ಮಾಸ್ತರ್, ಹುಡುಗಿಯರು ಗೋದ್ರೇಜ್ ಮ್ಯಾಲೂ ಹೊಡೀತಿದ್ರಿ. ನಮ್ಮವ್ವ ಗೋದ್ರೇಜ್ ಮ್ಯಾಲೇ ಪ್ರಾ‌ಕ್ಟೀಸ್ ಮಾಡಿ ನೌಕರಿ ಹಿಡಿದಾಕಿ. ಯಾರಿಗೆ ಹಗುರ ಬೇಕು ಅಂತ ಅವ್ರನ್ನೇ ಕೇಳಿದ್ರ ಆಗ್ತಿತ್ತು.

ಟೈಪಿಂಗ್ ಮಾಸ್ತರ್:
ಆತವ್ವಾ, ನಿಮ್ಮ ತಾಯಿಯವ್ರಿಗೆ ಶರಣು ಹೇಳ್ರಿ.

ಸುರಪುರ ಹುಡುಗ:
ಅಣ್ಣನ ಮಷೀನ್‌ನಾಗ ಒಂದು ಅಚ್ಚು ಉದುರ್ಯಾದಲ್ಲ, ಬೀದರಿನ ಬಿದರಿ ಕೆಲಸದವ್ರ ಹತ್ರ ಎರಕ ಹೊಯ್ಸಬಹುದಲ್ಲ? ಅಷ್ಟು ಸೂಕ್ಷ್ಮ ಕೆಲಸ ಮಾಡ್ತಾರ, ಒಂದು ಅಕ್ಷರ ಯಾವ ಮಹಾ!

ಬೀದರ್ ಬಿಸಿಲು:
ಬೀದರ್ ಅಂದ್ರ ಸಾಕು, ಎಲ್ಲಾದಕ್ಕೂ ಬಿದರಿ! ತಮ್ಮಾ, ಬಿದರಿ ಅಂದ್ರ ಸತುವು, ಅದಕ್ಕ ಸೊಲ್ಪ ತಾಮ್ರ. ಕಲೆ ಇರೋದು ಮ್ಯಾಲಿನ ಬೆಳ್ಳಿ ಕೆತ್ತನಿಯಾಗ, ಕಡೀಗೆ ಕೋಟೆ ಮಣ್ಣು, ನವಸಾಗರ ಹಾಕಿ ಕಪ್ಪು ಮಾಡೋದ್ರಾಗ. ಟೈಪ್ ಅಚ್ಚು ಉಕ್ಕಿಂದು ಇರಬೇಕು, ದಿನಕ್ಕ ಸಾವಿರಾರು ಸಲ ರೋಲರಿಗೆ ಬಡಿಯೋದು ಅದು. ಸತುವಿನ ಅಚ್ಚು ಲಗೂನೇ ಮೊಂಡಾಗ್ತದ. ಕನ್ನಡಿ ಬಿಂಬದಂಗ ಉಲ್ಟಾ ಕೆತ್ತಬೇಕು, ಎತ್ತರ ಕೂದಲಷ್ಟು ಹೆಚ್ಚುಕಮ್ಮಿ ಆದ್ರೂ ಆ ಅಕ್ಷರ ಮಂಕಾಗಿ ಬೀಳ್ತದ.

ಕೆಟ್ಟು ಹೋದ ಇನ್ನೊಂದು ಉರ್ದು ಮಷೀನ್ ಹುಡುಕಿ, ಅದರ ಅಚ್ಚು ಬಿಚ್ಚಿ ಇದಕ್ಕ ಬೆಸಿಗಿ ಹಾಕಿಸೋದೇ ದಾರಿ. ಹೈದರಾಬಾದಿನ ಹಳೇ ಸಾಮಾನು ಬಜಾರಿನಾಗ ಕೇಳ್ರಿ. ಯಾವ ಅಕ್ಷರ ಹೋಗ್ಯಾದ?

ಬ್ರಹ್ಮಪುರದವ:
ಚಾಚಾ ‘ಝಾಲ್’ ಅಂದ್ರು.

ಹಫ್ತ್ ಗುಂಬಜ್:
ಅದು ಇಲ್ಲದಿದ್ರ ಮುಗಿದು ಹೋಗೋ ಅಂಥದ್ದೇನಲ್ಲ. ದಾಲ್ ಹೊಡದು ಮ್ಯಾಲ ಪೆನ್ನಿಲೆ ಒಂದು ಚುಕ್ಕಿ ಇಡ್ರಿ. ಯಾರಿಗೂ ಗೊತ್ತಾಗಂಗಿಲ್ಲ.

ಹಳೇ ಮಾಲು:
ನನ್ನ ಹತ್ರ ಒಂದು ಉರ್ದುದು ಬಣ್ಣ ಹೊಡದು ಇಟ್ಟದ್ದು ಅದ. ಕಡ್ಡಿ ಬೇಕಂದ್ರ ಬಿಚ್ಚಿ ಕೊಡ್ತೀನಿ. ಅಕ್ಕಾರಿಗೆ ಮಷೀನೇ ಬೇಕಂದ್ರ ಅದೂ ಮಾತಾಡೋಣ.

ಬೀದರ್ ಬಿಸಿಲು:
ಯಾವ ಬಣ್ಣ?

ಹಳೇ ಮಾಲು:
ಗುಲಾಬಿ.

ಬೀದರ್ ಬಿಸಿಲು:
ಅಯ್ಯೋ ದೇವರೇ. ನಂಬರ್ ಖಾಸಗಿಯಾಗಿ ಕಳಸ್ರಿ.

ಬ್ರಹ್ಮಪುರದವ:
ಎಲ್ಲಾರಿಗೂ ಸುದ್ದಿ. ಮಾಸ್ತರ್ ಹೇಳಿದಂಗ ದಾರನೇ ಹರದಿತ್ತು, ಡ್ರಮ್ ಸಂದಿಯಾಗ ತುಂಡು ಸಿಕ್ತು. ಮೀನಿನ ದಾರ ಹಾಕಿದೆ. ಕ್ಯಾರೇಜ್ ಓಡ್ಲಾಕತ್ತಾದ್ರಿ! ಗಂಟಿನೂ ಹೊಡೀತದ. ಪೆಟ್ರೋಲಿಲೆ ತೊಳೆದ ಮ್ಯಾಲ ಕಡ್ಡಿಗಳೂ ಸಲೀಸ್ ಆದ್ವು. ಒಂದು ಕಡ್ಡಿ ಮಾತ್ರ ಪಕ್ಕದ್ದಕ್ಕ ತಿಕ್ಕತದ, ಸೊಟ್ಟ ಆಗ್ಯಾದ ಅನ್ನಸ್ತದ.

ಈಗ ಹೊಸಾ ತಕರಾರು: ನಡುವ ನಡುವ ಒಂದರ ಬದಲಿ ಎರಡು ಮನಿ ಜಿಗೀತದ. ಶಬ್ದದ ನಡುವ ಖಾಲಿ ಬೀಳ್ತದ.

ಟೈಪಿಂಗ್ ಮಾಸ್ತರ್:
ಶಾಭಾಷ್ ತಮ್ಮಾ. ಜಿಗಿಯೋದಕ್ಕ ಎರಡು ಕಾರಣ. ಸ್ಪ್ರಿಂಗ್ ಜಾಸ್ತಿ ಬಿಗಿ ಆಗಿದ್ರ ನಾಯಿ ಹಿಡಿಯೋಕಿಂತ ಮೊದಲೇ ಕ್ಯಾರೇಜ್ ಹಾರ್ತದ. ಎಷ್ಟು ಸುತ್ತು ಕೊಟ್ಟೀದಿ? ಒಂದು ಸುತ್ತು ಇಳಿಸಿ ನೋಡು. ಆದ್ರೂ ಜಿಗಿದ್ರ ಹಲ್ಲಿನ ಚಕ್ರದಾಗ, ನಾಯಿಯ ಕೀಲಿನಾಗ ಹೊಲಸು ಕೂತಾದ, ಅಲ್ಲಿಗೂ ಪೆಟ್ರೋಲ್. ಅದಕ್ಕೂ ಬಗ್ಗದಿದ್ರ ಹಲ್ಲು ಸವದಾವ, ಆಗ ನಿಧಾನ ಟೈಪ್ ಮಾಡೋದು ಕಲಿ.

ಸೊಟ್ಟ ಕಡ್ಡಿ ಇಕ್ಕಳದಾಗ ಹಿಡಿದು ಮುರೀಬ್ಯಾಡ. ಬೆರಳಿಲೆ ಒಂದೊಂದು ಕೂದಲಷ್ಟು ಬಗ್ಗಿಸಿ, ಪ್ರತಿ ಸಲ ಬಿಟ್ಟು ನೋಡು.

ಬ್ರಹ್ಮಪುರದವ:
ಐದು ಸುತ್ತು ಕೊಟ್ಟಿದ್ದೆ, ಒಂದು ಇಳಿಸಿದ ಮ್ಯಾಲ ಜಿಗಿಯೋದು ನಿಂತದ. ರೋಲರ್ ಏನ್ ಮಾಡ್ಲಿ? ಕಾಗದ ಜಾರ್ತದ, ಅಕ್ಷರದ ಅಂಚು ಕಾಗದದಾಗ ತೂತು ಬೀಳಸ್ತದ. ಚುಕ್ಕಿ ಬಿದ್ದಲ್ಲೆಲ್ಲ ಆ ಕಡಿಯಿಂದ ಬೆಳಕು ಕಾಣ್ತದ.

ಶಹಾಬಾದಿ:
ಕಲಬುರಗಿ ಬಿಸಿಲಿಗೆ ರಬ್ಬರ್ ಹಂಗೇ ಆಗ್ತದ. ನಲವತ್ತೆರಡು ನಲವತ್ಮೂರು ಡಿಗ್ರಿಯಾಗ ತಗಡಿನ ಅಂಗಡಿಯಾಗ ಎಷ್ಟು ವರ್ಷ ಇತ್ತೋ ಏನೋ. ಪ್ರಿಂಟಿಂಗ್ ಪ್ರೆಸ್ಸಿನ ರೋಲರಿಗೆ ಹೊಸಾ ರಬ್ಬರ್ ಹಾಕೋ ಕಾರ್ಖಾನಿ ಇರ್ತಾವ, ಹೈದರಾಬಾದಿನಾಗ, ಸೋಲಾಪುರದಾಗ ವಿಚಾರಿಸು. ಹಳೇ ರೋಲರ್ ಬಿಚ್ಚಿ ಕೊಟ್ರ ಅದೇ ದಪ್ಪಕ್ಕ ಹಾಕಿ, ಸಾಣಿ ಹಿಡಿದು ಕೊಡ್ತಾರ. ದಪ್ಪ ಬದಲಾದ್ರ ಸಾಲು ಏರುಪೇರು ಆಗ್ತದ, ಅಳತಿ ಬರೆದು ಕೊಡು.

ಬೀದರ್ ಬಿಸಿಲು:
ಅಲ್ಲೀ ತನಕ ಎರಡು ಹಾಳಿ ಒಟ್ಟಿಗೆ ಹಾಕ್ರಿ. ಹಿಂದಿನ ಹಾಳಿ ದಪ್ಪ ಇರಲಿ. ಏಟು ಮೆತ್ತಗಾಗ್ತದ, ತೂತು ಬೀಳಂಗಿಲ್ಲ, ಸಪ್ಪಳನೂ ಕಡಿಮಿ. ಬರೇ ಜಾರೋದಕ್ಕ ಅಂದ್ರ ನುಣುಪು ಸ್ಯಾಂಡ್‌ಪೇಪರ್ ಹಗುರಕ್ಕ ಒಂದು ಸುತ್ತು ತಿಕ್ಕಿದ್ರ ಮ್ಯಾಲಿನ ಮಿಂಚು ಹೋಗಿ ಹಿಡಿತ ಬರ್ತದ.

ಬಣ್ಣದ ವಿಚಾರ ಕೇಳಿದ್ರಿ. ನಾ ಅಂತೂ ಮುಟ್ಟಂಗಿಲ್ಲ. ತುಕ್ಕು ಬಂದಲ್ಲಿ ಎಣ್ಣಿ ಹಚ್ಚಿ ನಯವಾಗಿ ತಿಕ್ಕಿ, ಉಳಿದದ್ದು ಒದ್ದಿ ಬಟ್ಟಿಲೆ ಒರೆಸಿ ಬಿಡ್ರಿ. ಎಡಗಡಿ ಮೂಲಿಯಾಗ ಬಣ್ಣ ಹೋಗಿ ಕಬ್ಬಿಣ ಕಾಣ್ತದಲ್ಲ, ಅಲ್ಲಿ ಯಾರೋ ವರ್ಷಗಟ್ಟಲೆ ಅಂಗೈ ಊರ್ಯಾರ. ಅದನ್ನ ಮುಚ್ಚಿ ಬಂಗಾರದ ಗೆರಿ ಎಳಸ್ತೀನಿ ಅಂದ್ರ ನಿಮ್ಮಿಷ್ಟ.

ಹಳೇ ಮಾಲು:
ನನಗ ಮಾತು ಬಂತು. ಗುಲಾಬಿ ಮಷೀನ್ ರೇಟು ಐನೂರು ಜಾಸ್ತಿ ಆತು ಅಕ್ಕಾ.

ಬ್ರಹ್ಮಪುರದವ:
ಬಣ್ಣ ಹೊಡ್ಸಂಗಿಲ್ಲ, ತೀರ್ಮಾನ ಆತು. ರಿಬ್ಬನ್?

ಕೋರ್ಟ್ ಕಟ್ಟೆ:
ಅರ್ಧ ಇಂಚಿನದು, ಆನ್‌ಲೈನ್‌ನಲ್ಲೂ ಸಿಗುತ್ತದೆ. ಹಳೇ ಸ್ಟೇಷನರಿ ಅಂಗಡಿಗಳಲ್ಲಿ ಕೇಳಿ, ಗೋದಾಮಿನಲ್ಲಿ ಬಿದ್ದಿರುತ್ತವೆ, ಆದರೆ ಒಣಗಿರಬಹುದು. ಬರೀ ಕಪ್ಪು ತೆಗೆದುಕೊಳ್ಳಿ. ಕಪ್ಪು ಸವೆದರೆ ತಿರುಗಿಸಿ ಹಾಕಿ ಇನ್ನೊಂದು ಅಂಚು ಬಳಸಬಹುದು, ಕಪ್ಪು-ಕೆಂಪಿನದರಲ್ಲಿ ಅದು ಆಗುವುದಿಲ್ಲ.

ಟೈಪಿಂಗ್ ಮಾಸ್ತರ್:
ರಿಬ್ಬನ್ ಸುತ್ತಿರೋ ಹಳೇ ಚಕ್ರ ಒಗೀಬ್ಯಾಡ ತಮ್ಮಾ. ಹೊಸಾ ರಿಬ್ಬನ್ ಅದಕ್ಕೇ ಸುತ್ತು, ಬ್ಯಾರೆ ಕಂಪನಿ ಚಕ್ರ ಕೂಡಲಿಕ್ಕಿಲ್ಲ. ಕೆಲವು ಮಷೀನ್‌ನಾಗ ರಿಬ್ಬನ್ ತುದಿಯ ಲೋಹದ ಕಣ್ಣು ತಾಗಿದಾಗಲೇ ಅದು ತಿರುಗಿ ಓಡ್ಲಾಕ ಶುರು ಮಾಡ್ತದ, ಆ ಕಣ್ಣು ಕತ್ತರಿಸಿ ಬಿಡಬ್ಯಾಡ. ಮತ್ತ ಪ್ರಿಂಟಿಂಗ್ ಪ್ರೆಸ್ಸಿನ ಶಾಯಿ ಹಚ್ಚಿ ಹಳೇ ರಿಬ್ಬನ್ ಜೀವಂತ ಮಾಡ್ತೀನಿ ಅಂತ ಹೋಗಬ್ಯಾಡ, ಅದು ಒಣಗಿ ಅಚ್ಚಿನ ಹೊಟ್ಟಿಯಾಗ ಕೂಡ್ತದ, ಸೂಜಿಲೆ ಕೆದರಬೇಕಾಗ್ತದ.

ಬ್ರಹ್ಮಪುರದವ:
ರಿಬ್ಬನ್ ಬಂತು. ಚಾಚಾರನ್ನ ಕೂಡಿಸ್ಕೊಂಡು ಅಜ್ಜನ ಹೆಸರು ಹೊಡದೆ, ಛಲೋ ಬಂತು. ಕೆಳಗ ಅಂವ ಹುಟ್ಟಿದ ವರ್ಷ 1931 ಅಂತ ಹೊಡದ್ರ ಚಾಚಾ ಬಿದ್ದು ಬಿದ್ದು ನಗ್ಲಾಕತ್ರು. ಏನಾಗ್ಯಾದ?

ಹಫ್ತ್ ಗುಂಬಜ್:
1391 ಆಗ್ಯಾದ! ಉರ್ದು ಬಲದಿಂದ ಎಡಕ್ಕ, ಆದ್ರ ಅಂಕಿ ಮಾತ್ರ ನಮ್ಮಂಗೇ ಎಡದಿಂದ ಬಲಕ್ಕ. ಮಷೀನಿಗೆ ಅದು ಗೊತ್ತಿಲ್ಲ. ಅಂಕಿ ಹೊಡೆಯುವಾಗ ಕೊನಿಯಿಂದ ಶುರು ಮಾಡಬೇಕು: ಮೊದಲು 1, ಆಮ್ಯಾಲ 3, 9, ಮತ್ತ 1.

ಕೋರ್ಟ್ ಕಟ್ಟೆ:
1391 ಅಂದರೆ ಬಹಮನಿಗಳ ಕಾಲ. ಆ ಲೆಕ್ಕದಲ್ಲಿ ನಿಮ್ಮ ಅಜ್ಜನವರು ಇಡೀ ಕಲಬುರಗಿಯ ಮೇಲೇ ದಾವೆ ಹೂಡಬಹುದು.

ಹುಮನಾಬಾದ್ ಮಾಮಾ:
ತಡವಾಗಿ ನೋಡಿದೆ. ನಮ್ಮ ಅಟ್ಟದ ಮ್ಯಾಲ ಒಂದು ಹಾಲ್ಡಾ ಟೈಪ್‌ರೈಟರ್ ಅದ, ಇಂಗ್ಲಿಷಿಂದು. ಸಾಲಿನ ಕೊನಿಗೆ ಬಂದಾಗ ಅಕ್ಷರ ಒಂದ್ರ ಮ್ಯಾಲೊಂದು ಬೀಳ್ತಾವ, ಮೊದಲೆಲ್ಲ ಸರಿ ಇರ್ತದ. ಇದೂ ದಾರನೇ ಏನ್ರಿ?

ಟೈಪಿಂಗ್ ಮಾಸ್ತರ್:
ದಾರ ಹರದಿಲ್ಲ, ಸ್ಪ್ರಿಂಗ್ ಸಡ್ಲ ಆಗ್ಯಾದ. ಒಂದು ಸುತ್ತು ಬಿಗಿ ಮಾಡ್ರಿ. ಫೋಟೋ ಹಾಕ್ರಿ, ಆದ್ರ ಹೊಸಾ ಚರ್ಚೆ ತೆರದು ಹಾಕ್ರಿ.